ಇದ್ದತ್ತಿನ ಕೋಣೆಯಲ್ಲಿ ಕಲೆಕ್ಟರ್

ನನ್ನ ಗಂಡ ಉಸ್ಮಾನ್ ಸಾಬ್ ತೀರಿಕೊಂಡ ಮೇಲೆಯೇ ನಮ್ಮ ಮನೆಯಲ್ಲಿ ಮಕ್ಕಳ ಸದ್ದು ತುಂಬಿದ್ದು. ಹೀಗೆ ಹೇಳಿದರೆ ಕೇಳಿದವರು ಮುಖ ಕಿವುಚುತ್ತಾರೆ. ಕಿವುಚಲಿ. ಆ ಮನೆಯಲ್ಲಿ ಹದಿನಾರು ವರ್ಷ ಬಾಳಿದವಳು ನಾನು, ಅವರಲ್ಲ.

ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ನೂಲು ಬಿಚ್ಚುವ ಕೆಲಸ. ಮನೆಗೆ ಅಂಟಿಕೊಂಡೇ ಒಂದು ಶೀಟಿನ ಶೆಡ್ಡು, ಒಳಗೆ ಗೂಡು ಬೇಯಿಸುವ ಬಿಸಿನೀರಿನ ತೊಟ್ಟಿಗಳು, ಸಾಲಾಗಿ ಚರಕಗಳು. ಬೆಳಗಾಗುವ ಮೊದಲೇ ಗರಗರ ಶುರುವಾಗುತ್ತಿತ್ತು. ಬೆಂದ ಹುಳುವಿನ ವಾಸನೆ ಸೆರಗಿಗೂ ಹತ್ತುತ್ತಿತ್ತು, ಅನ್ನಕ್ಕೂ ಹತ್ತುತ್ತಿತ್ತು. ಅಷ್ಟು ಸದ್ದಿನ ನಡುವೆ ಕುರ್ಚಿಯಲ್ಲಿ ಕೂತೇ ನಿದ್ದೆ ತೆಗೆಯುತ್ತಿದ್ದ ಮನುಷ್ಯನಿಗೆ ಒಂದು ಮಗು ಕೂಗಿದರೆ ತಡೆಯುತ್ತಿರಲಿಲ್ಲ. ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಮುಖ ಗಂಟು ಹಾಕಿಕೊಂಡು ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ಮಗು ಮನೆಯಿಂದ ಹೋಗುವವರೆಗೆ ಅವರು ಬರುತ್ತಿರಲಿಲ್ಲ.

ನಮಗೆ ಮಕ್ಕಳಾಗಲಿಲ್ಲ. ಯಾರದು ಕೊರತೆ ಎಂದು ಯಾರೂ ಡಾಕ್ಟರ ಹತ್ತಿರ ಹೋಗಿ ಕೇಳಲಿಲ್ಲ, ಆದ್ದರಿಂದ ಅದು ನನ್ನದು ಎಂದು ತೀರ್ಮಾನವಾಯಿತು. ಮೈದುನನಿಗೆ ಮೊದಲ ಗಂಡುಮಗು ನೂರುಲ್ಲಾ ಹುಟ್ಟಿದಾಗ ನಾನು ಅವನನ್ನು ಎತ್ತಿಕೊಂಡು ಮನೆ ತುಂಬ ತಿರುಗಿದೆ. ಮಗು ಅತ್ತಾಗಲೆಲ್ಲ ನನ್ನ ಗಂಡ ಎದ್ದು ಹೋಗಿ ಶೆಡ್ಡಿನಲ್ಲಿ ಮಲಗತೊಡಗಿದರು. ಮೈದುನನಿಗೆ ರೋಷ ಬಂತು. ಹೆಂಡತಿ, ಮಗುವನ್ನು ಕರೆದುಕೊಂಡು ಬೇರೆ ಬೀದಿಗೆ ಮನೆ ಮಾಡಿಕೊಂಡು ಹೋದ. ಹಾಳಾಗಿ ಹೋಗಲಿ, ಒಂದು ಬೆಕ್ಕಾದರೂ ಸಾಕೋಣ ಎಂದು ಕೇಳಿದೆ. ಬೇಡ ಎಂದರು. ಕೋಳಿ? ಬೇಡ. ಯಾಕೆ ಎಂದು ಕೇಳಿದ್ದಕ್ಕೂ ಬೇಡ ಎಂದೇ ಹೇಳಿದರು. ಆಮೇಲೆ ನಾನು ಕೇಳುವುದನ್ನು ಬಿಟ್ಟೆ.

ಎಂಬತ್ತೆಂಟರ ಬೇಸಿಗೆಯಲ್ಲಿ, ಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ಕೂಗುತ್ತಿರುವಾಗಲೇ ಅವರಿಗೆ ಎದೆ ಹಿಡಿದುಕೊಂಡಿತು. ಮನೆಗೆ ಬಂದದ್ದು ಹೆಣ. ನಾನು ಇದ್ದತ್ತಿಗೆ ಕೂತೆ.

ಇದ್ದತ್ತು ಎಂದರೆ ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯಿಂದ ಹೊರಗೆ ಕಾಲಿಡದೆ ಕೂರುವುದು. ಬಣ್ಣದ ಸೀರೆಯಿಲ್ಲ, ಬಳೆಯಿಲ್ಲ, ಹೂವಿಲ್ಲ, ಕಣ್ಣಿಗೆ ಕಾಡಿಗೆಯಿಲ್ಲ. ಪರಗಂಡಸರ ಕಣ್ಣಿಗೆ ಬೀಳುವಂತಿಲ್ಲ. ಅಷ್ಟು ನಮ್ಮ ಧರ್ಮದಲ್ಲಿದೆ, ಅದಕ್ಕೆ ನನ್ನ ತಕರಾರಿಲ್ಲ. ಅದರ ಮೇಲೆ ನಮ್ಮ ಮೊಹಲ್ಲಾದ ಮುದುಕಿಯರು ಸೇರಿಸಿದ್ದು ಇನ್ನೊಂದಷ್ಟಿತ್ತು. ಕನ್ನಡಿ ನೋಡಬಾರದು, ಚಂದ್ರನನ್ನು ನೋಡಬಾರದು, ಜೋರಾಗಿ ಮಾತಾಡಬಾರದು. ಇದಕ್ಕೆಲ್ಲ ಮುಖ್ಯಸ್ಥೆ ಹಾಜಿರಾ ಬೂವಮ್ಮ, ತೀರಿಹೋದ ನನ್ನ ಮಾವನ ಅಕ್ಕ. ಎರಡು ಬೀದಿ ಆಚೆ ಅವಳ ಮನೆ. ಕೈಯಲ್ಲಿ ಸದಾ ಜಪಸರ, ಬಾಯಲ್ಲಿ ಸದಾ ಬೇರೆಯವರ ಮನೆ ವಿಷಯ. ಅವಳೇ ಬಂದು ಹಿಂದಿನ ಅಂಗಳದ ಕಡೆಯ ಸಣ್ಣ ಕೋಣೆಯನ್ನು ತೋರಿಸಿ, ಈ ಮನೆಯಲ್ಲಿ ಇದ್ದತ್ತಿಗೆ ಕೂರುವ ಜಾಗ ಇದೇ ಎಂದಳು. ನನ್ನ ಅತ್ತೆ ರಹಮತುನ್ನೀಸಾ ತಲೆಯಾಡಿಸಿದರು. ಅವರು ತಲೆಯಾಡಿಸುವುದು ಬಿಟ್ಟು ಬೇರೇನಾದರೂ ಮಾಡಿದ್ದನ್ನು ನಾನು ಅಷ್ಟು ವರ್ಷದಲ್ಲಿ ನೋಡಿರಲಿಲ್ಲ. ಕಡಿಮೆ ಮಾತಿನ, ಬಿಗಿ ತುಟಿಯ ಹೆಂಗಸು.

ಕೋಣೆಯಲ್ಲಿ ಒಂದು ಮಂಚ, ಒಂದು ಬಾಗಿಲು, ಅಂಗಳದ ಕಡೆಗೆ ಕಬ್ಬಿಣದ ಸರಳಿನ ಒಂದು ಕಿಟಕಿ. ಮೊದಲ ವಾರಗಳು ಹೇಗೆ ಕಳೆದವೋ ನನಗೆ ಗೊತ್ತು. ಗೋಡೆಯ ಸುಣ್ಣ ಎಲ್ಲೆಲ್ಲಿ ಎದ್ದಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲವಳಾಗಿದ್ದೆ. ಉಸಿರು ಕಟ್ಟುತ್ತಿತ್ತು. ಒಂದೊಂದು ಸಲ ಮಧ್ಯಾಹ್ನದ ಹೊತ್ತು ಎದ್ದು ಬಾಗಿಲು ದಾಟಿ ಓಡಿಬಿಡಬೇಕು ಅನಿಸುತ್ತಿತ್ತು. ಎಲ್ಲಿಗೆ ಓಡುವುದು ಎಂದು ಯೋಚಿಸಿದರೆ ಒಂದು ಜಾಗವೂ ಹೊಳೆಯುತ್ತಿರಲಿಲ್ಲ.

ಕಾರ್ಖಾನೆ ನೋಡಿಕೊಳ್ಳಲು ಮೈದುನ ಸಂಸಾರ ಸಮೇತ ವಾಪಸು ಬಂದ. ಅವನ ಮಗ ನೂರುಲ್ಲಾನಿಗೆ ಆಗ ಹತ್ತು ವರ್ಷ, ಮಗಳು ಬಾನುವಿಗೆ ಐದು. ಓರಗಿತ್ತಿಗೆ ಶೆಡ್ಡಿನ ಆಳುಗಳಿಗೆ ಅಡುಗೆ ಮಾಡುವುದರಲ್ಲೇ ದಿನ ಮುಗಿಯುತ್ತಿತ್ತು. ಬಾನು ಕಾಲಿಗೆ ಅಡ್ಡ ಸಿಕ್ಕಾಗಲೆಲ್ಲ, ಹೋಗಿ ಬಡೀಮಾ ಹತ್ತಿರ ಕೂತ್ಕೋ, ಅವರು ಹೇಗೂ ಸುಮ್ಮನೆ ಕೂತಿದ್ದಾರೆ ಎಂದು ಅಟ್ಟಿಬಿಡುತ್ತಿದ್ದಳು. ಬಡೀಮಾ ಎಂದರೆ ದೊಡ್ಡಮ್ಮ. ನನ್ನನ್ನು ಯಾರಾದರೂ ಹಾಗೆ ಕರೆದದ್ದು ಅದೇ ಮೊದಲು.

ಬಾನು ಬಂದ ಮೊದಲ ದಿನ ಬಾಗಿಲಲ್ಲಿ ನಿಂತು ನನ್ನನ್ನು ಚೆನ್ನಾಗಿ ನೋಡಿ, ನಿಮ್ಮನ್ನು ಯಾಕೆ ಕೂಡಿಹಾಕಿದ್ದಾರೆ, ಏನು ತಪ್ಪು ಮಾಡಿದಿರಿ ಎಂದು ಕೇಳಿದಳು. ತಪ್ಪೇನೂ ಮಾಡಿಲ್ಲಮ್ಮ ಎಂದೆ. ನನ್ನನ್ನೂ ಹಾಗೆಯೇ, ತಪ್ಪು ಮಾಡದಿದ್ದರೂ ಸ್ಕೂಲಿಗೆ ಕಳಿಸುತ್ತಾರೆ ಎಂದು ಹೇಳಿ ನನ್ನ ಪಕ್ಕ ಕೂತಳು. ಆಮೇಲೆ ಏಳಲಿಲ್ಲ.

ಕಲೆಕ್ಟರ್ ಬಂದದ್ದು ಗೋಡೆಯ ಮೇಲಿಂದ. ನಮ್ಮ ಹಿತ್ತಲ ಗೋಡೆಗೆ ಆಚೆ ಮಂಗಮ್ಮನ ಮನೆ. ಅವಳು ನಾಲ್ಕಾರು ಮೇಕೆ ಸಾಕಿಕೊಂಡಿದ್ದಳು. ಒಂದು ಮೇಕೆ ಮರಿ ಹಾಕಿ ಸತ್ತುಹೋಯಿತು. ಮಂಗಮ್ಮ ದಿನಾ ಕೂಲಿಗೆ ಹೋಗುವವಳು, ಹೊತ್ತು ಹೊತ್ತಿಗೆ ಬಾಟಲಿ ಹಾಲು ಕುಡಿಸಲು ಅವಳಿಗೆಲ್ಲಿ ಪುರುಸೊತ್ತು? ಗೋಡೆಯ ಮೇಲಿಂದ ಮರಿಯನ್ನು ನೂರುಲ್ಲಾನ ಕೈಗೆ ಇಳಿಸಿ, ಕಿಟಕಿಯ ಕಡೆಗೆ ಕೇಳುವಂತೆ ಕೂಗಿ ಹೇಳಿದಳು.

"ಶಂಸಮ್ಮ, ನೀನು ಹೆಂಗೂ ಮನೇಲೇ ಇರ್ತೀಯ ಕಣಮ್ಮ. ಇದನ್ನ ಒಸಿ ನೋಡ್ಕೋ ತಲ್ಲಿ. ಬದುಕಿದ್ರೆ ನಿಂದೇ."

ಅಂಗೈಯಗಲದ ಮುಖ, ನಡುಗುವ ಕಾಲು, ಕಪ್ಪು ಮೈ, ಹಣೆಯ ಮೇಲೆ ಬಿಳಿ ಮಚ್ಚೆ. ಮಡಿಲಲ್ಲಿಟ್ಟುಕೊಂಡು ಬಾಟಲಿ ಹಿಡಿದರೆ ಮೊದಲು ಬಾಯಿ ತೆರೆಯಲಿಲ್ಲ. ಬೆರಳಿಗೆ ಹಾಲು ಹಚ್ಚಿ ತುಟಿಗಿಟ್ಟೆ. ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಬೆರಳನ್ನು ಎಳೆದು ಚೀಪಿತು ನೋಡಿ, ನನ್ನ ಮೈಯೆಲ್ಲ ಜುಮ್ಮೆಂದಿತು. ಮೂವತ್ತಮೂರು ವರ್ಷದ ಹೆಂಗಸು ಆಡಿನ ಮರಿಯನ್ನು ಎದೆಗೊತ್ತಿಕೊಂಡು ಕೂತುಬಿಟ್ಟೆ. ಬಾನು ನನ್ನ ಮುಖ ನೋಡಿ, ಬಡೀಮಾ, ನಾನೂ ಒಂದ್ಸಲ ಎತ್ಕೋತೀನಿ ಎಂದಳು. ಕೊಡಲು ಮನಸ್ಸಾಗಲಿಲ್ಲ, ಆದರೂ ಕೊಟ್ಟೆ.

ಹದಿನೈದು ದಿನದಲ್ಲಿ ಅದು ಚಿಗಿತುಕೊಂಡಿತು. ನೆಟ್ಟಗೆ ಶೆಡ್ಡಿಗೆ ನುಗ್ಗಿ, ಒಂದೊಂದು ಚರಕದ ಮುಂದೆಯೂ ನಿಂತು ನೋಡಿ, ಎಲ್ಲೋ ಸಿಕ್ಕ ಕಾಗದವನ್ನು ತಿಂದು ವಾಪಸು ಬರುತ್ತಿತ್ತು. ತಪಾಸಣೆಗೆ ಬಂದ ಕಲೆಕ್ಟರ್ ಇದ್ದಹಾಗಿದ್ದಾನೆ ಎಂದು ಮೈದುನ ತಮಾಷೆ ಮಾಡಿದ. ಹೆಸರು ಅಂಟಿಕೊಂಡಿತು. ನೂರುಲ್ಲಾ ದಿನಾ ಸ್ಕೂಲಿಂದ ಬರುತ್ತ ಯಾರದೋ ತೋಟದಿಂದ ಹಿಪ್ಪುನೇರಳೆ ಸೊಪ್ಪು ಕಿತ್ತು ತರುತ್ತಿದ್ದ. ಯಾರ ತೋಟ ಎಂದು ನಾನು ಕೇಳುತ್ತಿರಲಿಲ್ಲ.

ನೂರುಲ್ಲಾ ದೊಡ್ಡ ಹರಟೆಮಲ್ಲ. ದೊಡ್ಡವನಾದ ಮೇಲೆ ಬಸ್ ಕಂಡಕ್ಟರ್ ಆಗುತ್ತೇನೆ ಎಂದು ನಿಶ್ಚಯ ಮಾಡಿಕೊಂಡಿದ್ದ. ನಾನು ಎಲ್ಲಿಗೂ ಹೋಗುವಂತಿಲ್ಲ ಎಂದು ಗೊತ್ತಾದಾಗ, ಅದಕ್ಕೇನು ಬಡೀಮಾ, ಬಸ್ಸೇ ಇಲ್ಲಿಗೆ ಬರುತ್ತೆ ಎಂದ. ಮಂಚವೇ ಬಸ್ಸಾಯಿತು. ತಲೆದೆಸೆಯಲ್ಲಿ ಬಾನು ಡ್ರೈವರು, ತಟ್ಟೆ ಹಿಡಿದು ತಿರುಗಿಸುವಳು. ಕಾಲದೆಸೆಯಲ್ಲಿ ನೂರುಲ್ಲಾ ಒಂದು ಕಾಲು ಹೊರಗೆ ಬಿಟ್ಟು ನೇತಾಡುತ್ತ, ಚಿಕ್ಕಬಳ್ಳಾಪುರ, ಗೌರಿಬಿದನೂರ್, ನಗರಗೆರೆ, ಬನ್ನಿ ಬನ್ನಿ ಬನ್ನಿ ಎಂದು ಕೂಗುವನು. ನಡುವೆ ನಾನು, ನನ್ನ ಮಡಿಲಲ್ಲಿ ಕಲೆಕ್ಟರ್. ಕಲೆಕ್ಟರಿಗೆ ಫುಲ್ ಟಿಕೆಟ್ಟೋ ಹಾಫೋ ಎಂದು ಕಂಡಕ್ಟರು ತಕರಾರು ತೆಗೆಯುವನು. ನಾನು ಹುಟ್ಟಿದ್ದು ಚಿಂತಾಮಣಿಯಲ್ಲಿ, ಕೊಟ್ಟದ್ದು ಶಿಡ್ಲಘಟ್ಟಕ್ಕೆ. ಈ ಎರಡು ಊರು ಬಿಟ್ಟು ನಾನು ನೋಡಿದ್ದು ಕಡಿಮೆ. ಆ ಕೋಣೆಯಲ್ಲಿ ಕೂತು ನಾನು ತಿರುಗಿದಷ್ಟು ಊರು ನನ್ನ ಗಂಡನ ಜೊತೆ ಒಟ್ಟು ಬಾಳಿನಲ್ಲಿ ತಿರುಗಿರಲಿಲ್ಲ.

ನನಗೆ ಸಂತೋಷವಾಗಿತ್ತು. ಗಂಡ ಸತ್ತು ಕೂತವಳಿಗೆ ಸಂತೋಷವಾಗಬಾರದು, ಆದರೂ ಆಗಿತ್ತು. ಬೆಳಿಗ್ಗೆ ಎದ್ದ ಕೂಡಲೇ ಮಕ್ಕಳ ಕಾಲ ಸಪ್ಪಳಕ್ಕೆ ಕಿವಿ ಕೊಡುತ್ತಿದ್ದೆ. ಈ ಕೋಣೆಯಲ್ಲಿ ಕೂಡಿಹಾಕಿದ ಮೇಲೆ ನನಗೆ ಗೊತ್ತಾದದ್ದು, ಇದಕ್ಕೂ ಮೊದಲಿನ ವರ್ಷಗಳೆಲ್ಲ ನಾನು ಕೂಡಿಹಾಕಿಸಿಕೊಂಡೇ ಇದ್ದೆ, ಬಾಗಿಲು ಮಾತ್ರ ತೆರೆದಿತ್ತು ಎಂದು.

ಒಂದೇ ಭಯ ಇದ್ದದ್ದು, ಈ ಇದ್ದತ್ತು ಮುಗಿದುಹೋಗುತ್ತದಲ್ಲ ಎಂದು. ಮಕ್ಕಳಿಲ್ಲದ ವಿಧವೆ ಗಂಡನ ಮನೆಯಲ್ಲಿ ಉಳಿಯುವ ರೂಢಿ ನಮ್ಮಲ್ಲಿಲ್ಲ. ಅವಧಿ ಮುಗಿದ ದಿನ ತವರಿನವರು ಹೊಸ ಸೀರೆ ತಂದು ಉಡಿಸಿ ಕರೆದುಕೊಂಡು ಹೋಗುತ್ತಾರೆ. ನನ್ನ ಅಣ್ಣ ಬಷೀರ್ ಅಹಮದ್ ಚಿಂತಾಮಣಿಯಲ್ಲಿ ತರಕಾರಿ ಮಂಡಿ ಇಟ್ಟವನು. ವಾರಕ್ಕೊಮ್ಮೆ ಒಂದು ಮೂಟೆ ಟೊಮೇಟೊ, ಹುರುಳಿಕಾಯಿ ಹೊತ್ತು ಬರುತ್ತಿದ್ದ. ಇದ್ದತ್ತಿನಲ್ಲಿರುವ ಹೆಂಗಸಿನ ಮುಂದೆ ಮರುಮದುವೆಯ ಮಾತೆತ್ತುವುದು ಹರಾಮು. ಅದಕ್ಕೇ ಅಣ್ಣ ನೇರವಾಗಿ ಏನೂ ಹೇಳುತ್ತಿರಲಿಲ್ಲ. ಗೌರಿಬಿದನೂರಿನ ಹವಾ ಬಹಳ ಒಳ್ಳೆಯದಂತೆ ಎನ್ನುತ್ತಿದ್ದ. ಅಲ್ಲಿ ಮಿಲ್ಲಿನಲ್ಲಿ ಕೆಲಸ ಮಾಡುವವರಿಗೆ ಕ್ವಾರ್ಟರ್ಸ್ ಕೊಡುತ್ತಾರಂತೆ ಎನ್ನುತ್ತಿದ್ದ. ಹೆಂಡತಿ ಸತ್ತು ಮಕ್ಕಳನ್ನೆಲ್ಲ ಮದುವೆ ಮಾಡಿ ಕಳಿಸಿದವರು ಅಲ್ಲಿ ಒಬ್ಬರೇ ಇರುತ್ತಾರಂತೆ ಎಂದೂ ಒಂದು ದಿನ ಹೇಳಿದ. ನಾನು ಕಲೆಕ್ಟರನ ಕಿವಿ ತುರಿಸುತ್ತ ಕೂತಿದ್ದೆ. ಮತ್ತೊಂದು ಸದ್ದಿಲ್ಲದ ಮನೆ ನನಗಾಗಿ ಕಾಯುತ್ತಿದೆ ಎಂದು ಅರ್ಥವಾಯಿತು. ಅಂದಿನಿಂದ ಮಂಚದ ಬಸ್ಸು ಗೌರಿಬಿದನೂರಿಗೆ ಹೋಗುವುದು ಬೇಡ ಎಂದು ಕಂಡಕ್ಟರಿಗೆ ಹೇಳಿದೆ.

ನನ್ನ ನಗುವೇ ನನಗೆ ಕೇಡು ತಂದಿತು. ಒಂದು ಮಧ್ಯಾಹ್ನ ಬಸ್ಸು ಭರ್ತಿ ವೇಗದಲ್ಲಿತ್ತು. ಕಲೆಕ್ಟರ್ ಕಂಡಕ್ಟರನ ಜೇಬಿಗೆ ಬಾಯಿ ಹಾಕಿ ಟಿಕೆಟ್ಟುಗಳನ್ನು, ಅಂದರೆ ಹರಿದ ಕ್ಯಾಲೆಂಡರ್ ಹಾಳೆಗಳನ್ನು, ಜಗಿಯತೊಡಗಿದ. ನೂರುಲ್ಲಾ ಬಿಡಿಸಿಕೊಳ್ಳಲು ಹೋಗಿ ಬಸ್ಸಿಂದ ಕೆಳಗೆ ಬಿದ್ದ. ಬಿದ್ದವನು ಏಳುವ ಮೊದಲೇ ಕಲೆಕ್ಟರ್ ಅವನ ಹೊಟ್ಟೆಯ ಮೇಲೆ ಹತ್ತಿ ನಿಂತು ಉಚ್ಚೆ ಹೊಯ್ದ. ಬಾನು ಕೇಕೆ ಹಾಕಿದಳು. ನಾನು ನಕ್ಕೆ. ಬಾಯಿಗೆ ಸೆರಗು ಒತ್ತಿಕೊಂಡರೂ ನಿಲ್ಲಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ತಲೆಯೆತ್ತಿದರೆ ಬಾಗಿಲಲ್ಲಿ ಹಾಜಿರಾ ಬೂವಮ್ಮ ನಿಂತಿದ್ದಳು. ಅವಳ ಹಿಂದೆ ನನ್ನ ಅತ್ತೆ.

ಅವಳು ಸದ್ದು ಮಾಡಲಿಲ್ಲ, ಅದೇ ಅವಳ ಜಾಣತನ. ಹಜಾರದಲ್ಲಿ ಕೂತು, ನನಗೆ ಕೇಳುವಷ್ಟು ಜೋರಾಗಿ, ನನ್ನ ಅತ್ತೆಗೆ ಉಪದೇಶ ಕೊಟ್ಟಳು. ಮಣ್ಣು ಇನ್ನೂ ಆರಿಲ್ಲ, ಸೊಸೆ ಬೀದಿಗೆ ಕೇಳುವಂತೆ ನಗುತ್ತಾಳೆ ಎಂದಳು. ಹತ್ತು ವರ್ಷದ ಗಂಡುಹುಡುಗ, ತಿಳಿವಳಿಕೆ ಬಂದವನು, ಅವನನ್ನು ಇದ್ದತ್ತಿನ ಕೋಣೆಗೆ ಬಿಡುವುದುಂಟೇ ಎಂದಳು. ಆಮೇಲೆ ಸ್ವಲ್ಪ ತಡೆದು, ಆ ಮೇಕೆ ಗಂಡೋ ಹೆಣ್ಣೋ ಎಂದು ಕೇಳಿದಳು. ನನಗೆ ತಡೆಯಲಾಗಲಿಲ್ಲ. ಒಳಗಿನಿಂದಲೇ, ಗಂಡೇ ಬೂವಮ್ಮ, ಆದರೆ ಇನ್ನೂ ನನಗೆ ಮದುವೆ ಪ್ರಸ್ತಾಪ ತಂದಿಲ್ಲ ಎಂದೆ.

ಅದನ್ನು ನಾನು ಹೇಳಬಾರದಿತ್ತು ಎಂದು ಓರಗಿತ್ತಿ ಇವತ್ತಿಗೂ ಹೇಳುತ್ತಾಳೆ. ನನಗೆ ಹಾಗನಿಸುವುದಿಲ್ಲ. ಆದರೆ ಅದರ ಬೆಲೆ ಅವತ್ತೇ ತೆತ್ತೆ. ಕಲೆಕ್ಟರನನ್ನು ಗೋಡೆಯಾಚೆ ಮಂಗಮ್ಮನಿಗೆ ವಾಪಸು ಕೊಟ್ಟರು. ನೂರುಲ್ಲಾ ನನ್ನ ಕೋಣೆಯ ಹತ್ತಿರ ಸುಳಿಯಬಾರದು ಎಂದಾಯಿತು. ಅಣ್ಣನ ಜೊತೆ ಸೇರಿಕೊಂಡು ಆಟಕ್ಕಿಳಿಯುತ್ತಾಳೆ ಎಂದು ಬಾನುವನ್ನೂ ತಡೆದರು. ಇದ್ದತ್ತು ಮುಗಿದ ದಿನವೇ ಬಷೀರ್ ಅಹಮದ್ ಬಂದು ತಂಗಿಯನ್ನು ಕರೆದುಕೊಂಡು ಹೋಗಲಿ ಎಂದು ಹೇಳಿ ಕಳಿಸಿದರು. ಅತ್ತೆ ಇದೆಲ್ಲಕ್ಕೂ ತಲೆಯಾಡಿಸಿದರು. ಸಂಜೆ ತಾವೇ ಬಂದು ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದರು. ನಾನು ಓಡಿಹೋಗುತ್ತೇನೆಂದಲ್ಲ, ಮಕ್ಕಳು ನುಗ್ಗಬಾರದು ಎಂದು.

ಆ ಚಿಲಕದ ಸದ್ದು ಕೇಳಿದಾಗ ನನಗೆ ನನ್ನ ಗಂಡನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಸತ್ತ ಮೇಲೂ ಈ ಮನುಷ್ಯ ನನ್ನ ಹತ್ತಿರ ಮಕ್ಕಳನ್ನು ಬಿಡುತ್ತಿಲ್ಲವಲ್ಲ ಎನಿಸಿತು. ಅವರ ಹೆಸರಲ್ಲಿ ದುವಾ ಮಾಡಲು ಕೈಯೆತ್ತಿ, ಹಾಗೆಯೇ ಇಳಿಸಿದೆ.

ಗೋಡೆಯಾಚೆಯಿಂದ ಮರಿ ಅರಚುವುದು ಕೇಳುತ್ತಿತ್ತು. ಬಾಟಲಿ ಹಾಲಿನ ಹೊತ್ತಿಗೆ ಸರಿಯಾಗಿ ಅರಚುತ್ತಿತ್ತು. ನನ್ನ ಕೈಗಳು ತಾವಾಗಿ ಮಡಿಲಿಗೆ ಬರುತ್ತಿದ್ದವು. ಬಾನುವನ್ನು ಅವಳ ತಾಯಿ ಅಡುಗೆಮನೆಯಲ್ಲಿ ಕೂರಿಸಿಕೊಂಡಳು. ನೂರುಲ್ಲಾ ಮಾತ್ರ ಸ್ಕೂಲಿಂದ ಬಂದವನೇ ಅಂಗಳ ಸುತ್ತಿ ನನ್ನ ಕಿಟಕಿಗೆ ಬರುತ್ತಿದ್ದ. ಮೊದಲ ದಿನ ಸರಳು ಹಿಡಿದು ಕುಣಿಸುತ್ತ, ಬಡೀಮಾ, ಬಸ್ಸು ಕೆಟ್ಟು ನಿಂತಿದೆ, ನಾಳೆ ರಿಪೇರಿ ಆಗತ್ತೆ ಎಂದ. ಮಾರನೆಯ ದಿನ ಸೊಪ್ಪು ತಂದು, ಕಲೆಕ್ಟರಿಗೆ ಗೋಡೆಯ ಮೇಲಿಂದ ಹಾಕಿದೆ ಎಂದು ವರದಿ ಒಪ್ಪಿಸಿದ. ಅಷ್ಟರಲ್ಲಿ ಹಾಜಿರಾ ಬೂವಮ್ಮನ ಕಣ್ಣಿಗೆ ಬಿದ್ದು ಕಿವಿ ಹಿಂಡಿಸಿಕೊಂಡ. ಆಮೇಲೆ ಬಂದಾಗ ಅತ್ತ. ನನ್ನಿಂದ ನಿಮಗೆ ಪಾಪ ಬರುತ್ತಾ ಬಡೀಮಾ ಎಂದು ಕೇಳಿದ. ಇಲ್ಲಪ್ಪ ಇಲ್ಲ ಎಂದು ಸರಳಿನ ಸಂದಿಯಿಂದ ಕೈ ಚಾಚುವಷ್ಟರಲ್ಲಿ ಅವನಪ್ಪ ಕರೆದ, ಹೋದ.

ಕೆಲವು ದಿನದ ಮೇಲೆ ಒಂದು ಸಂಜೆ ಬಂದವನು ಮಾತೇ ಆಡಲಿಲ್ಲ. ಅಳಲೂ ಇಲ್ಲ. ಎರಡು ಕೈಯಲ್ಲಿ ಸರಳು ಹಿಡಿದು, ತುಟಿ ಬಿಗಿದುಕೊಂಡು, ಸುಮ್ಮನೆ ನನ್ನನ್ನು ನೋಡುತ್ತ ನಿಂತ. ಏನೋ ಕಂಡಕ್ಟರೇ, ಯಾವ ಊರು ಎಂದು ಕೇಳಿದೆ. ಸರಳನ್ನು ಇನ್ನೂ ಬಿಗಿಯಾಗಿ ಹಿಡಿದ. ಅಷ್ಟು ಮಾತಿನ ಹುಡುಗ ಹಾಗೆ ನಿಂತದ್ದು ನೋಡಿ ನನಗೆ ಹೆದರಿಕೆಯಾಯಿತು.

ಆ ಹೊತ್ತಿಗೆ ನನ್ನ ಅತ್ತೆ ಅಂಗಳದ ಬಚ್ಚಲಿನಿಂದ ಬರುತ್ತಿದ್ದರು. ಹುಡುಗನ ಬೆನ್ನನ್ನು, ಸರಳು ಹಿಡಿದ ಕೈಗಳನ್ನು ನೋಡಿ ಅಲ್ಲೇ ನಿಂತರು. ಗದರುತ್ತಾರೆ ಎಂದುಕೊಂಡೆ. ಗದರಲಿಲ್ಲ. ಹತ್ತಿರ ಬಂದರು. ಆಮೇಲೆ ಹುಡುಗನ ತಲೆಯ ಮೇಲೆ ಕೈಯಿಟ್ಟು, ಒಳಗೆ ಹೋಗು ಎಂದು ಕಳಿಸಿ, ಚಿಲಕ ತೆಗೆದು ನನ್ನ ಕೋಣೆಗೆ ಬಂದರು. ಮಂಚದ ಮೇಲೆ ಕೂತರು.

"ಅವನೂ ಹಿಂಗೇ ನಿಂತ್ಕೋತಿದ್ದ," ಎಂದರು.

ಯಾರು ಎಂದು ಕೇಳಿದೆ.

"ಉಸ್ಮಾನ್."

ನನ್ನ ಮಾವ ತೀರಿಕೊಂಡಾಗ ನನ್ನ ಗಂಡನಿಗೆ ಹತ್ತು ವರ್ಷ, ಮೈದುನ ಇನ್ನೂ ಮೊಲೆಹಾಲು ಕುಡಿಯುವ ಕೂಸು. ನನ್ನ ಅತ್ತೆ ಇದೇ ಕೋಣೆಯಲ್ಲಿ ಇದ್ದತ್ತಿಗೆ ಕೂತರು. ಹಾಜಿರಾ ಬೂವಮ್ಮ ಆಗಲೂ ಮುಖ್ಯಸ್ಥೆ. ಕೂಸು ತಾಯಿಯ ಹತ್ತಿರ ಇರಲಿ, ದೊಡ್ಡವನಿಗೆ ತಿಳಿವಳಿಕೆ ಬಂದಿದೆ, ಅವನು ಗಂಡಸಿನ ಲೆಕ್ಕ, ಕೋಣೆಗೆ ಬಿಡಬೇಡಿ ಎಂದು ತೀರ್ಮಾನ ಕೊಟ್ಟಳು. ಹೆತ್ತ ಮಗನನ್ನು. ನೂರುಲ್ಲಾ ನನಗೆ ಮೈದುನನ ಮಗ, ನಾಳೆ ದೊಡ್ಡವನಾದರೆ ಪರದೆ ಬಂದೀತು, ಒಪ್ಪೋಣ. ತಾಯಿಗೂ ಮಗನಿಗೂ ಯಾವ ಪರದೆ ಎಂದು ಕೇಳಿದೆ.

"ಯಾವ ಕಿತಾಬಲ್ಲೂ ಇಲ್ಲ ದುಲ್ಹನ್," ಎಂದರು ಅತ್ತೆ. ಸೊಸೆಯನ್ನು ನಮ್ಮಲ್ಲಿ ತಲೆ ನರೆತರೂ ದುಲ್ಹನ್ ಎಂದೇ ಕರೆಯುವುದು. "ಎಷ್ಟೋ ವರ್ಷ ಆದ್ಮೇಲೆ ಒಬ್ರು ಮೌಲ್ವಿಗಳು ಬಯಾನ್ ಮಾಡ್ತಾ ಹೇಳಿದ್ದು ಕೇಳಿಸ್ಕೊಂಡೆ. ಅಷ್ಟೊತ್ತಿಗೆ ಅವನಿಗೆ ಮೀಸೆ ಬಂದಿತ್ತು. ಆಗ ಯಾರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ."

ಅಪ್ಪ ಸತ್ತ ಹುಡುಗ, ಅಮ್ಮ ಒಳಗಿದ್ದಾಳೆ, ಹೋಗುವಂತಿಲ್ಲ. ಅವನನ್ನು ಶೆಡ್ಡಿನಲ್ಲಿ ಚರಕ ತಿರುಗಿಸಲು ಹಾಕಿದರು. ಸಂಜೆಯಾದರೆ ಒದ್ದೆ ಕೈಯಲ್ಲಿ ಬಂದು ಈ ಕಿಟಕಿಯ ಸರಳು ಹಿಡಿಯುತ್ತಿದ್ದ. ಒಳಗೆ ತಮ್ಮ ಅತ್ತರೆ ಅಮ್ಮ ಎತ್ತಿಕೊಳ್ಳುತ್ತಾಳೆ, ಇವನು ಅತ್ತರೆ ಮುಖ ತಿರುಗಿಸುತ್ತಾಳೆ. ಮಗನ ಮುಖ ನೋಡಿದರೆ ಸತ್ತವನಿಗೆ ಅಜಾಬ್ ಆಗುತ್ತದೆ, ಗೋರಿಯಲ್ಲಿ ಶಿಕ್ಷೆಯಾಗುತ್ತದೆ, ಎಂದು ಬೂವಮ್ಮ ಹೆದರಿಸಿದ್ದಳು. ಮೊದಮೊದಲು ಜೋರಾಗಿ ಅತ್ತ. ಆಮೇಲೆ ಸದ್ದಿಲ್ಲದೆ ನಿಲ್ಲತೊಡಗಿದ. ಆಮೇಲೆ ಬರುವುದನ್ನೇ ನಿಲ್ಲಿಸಿದ.

"ಇದ್ದತ್ತು ಮುಗೀತು. ಬಾಗಿಲು ತೆಗ್ದು ಕೂಗಿದೆ. ಬಂದ. ಹೊಸಿಲ ಆಚೇನೇ ನಿಂತು, ಅಮ್ಮಿ, ಊಟ ಆಯ್ತಾ ಅಂದ. ದೊಡ್ಡ ಗಂಡಸ್ರ ಹಂಗೆ. ನಾನು ಕೈ ಚಾಚಿದೆ. ಶೆಡ್ಡಲ್ಲಿ ಕೆಲ್ಸ ಇದೆ ಅಂತ ಹೊರಟೋದ."

ನನ್ನ ಕಣ್ಣಿಗೆ ಅದು ಕಟ್ಟಿದ ಹಾಗೆ ಕಂಡಿತು, ಯಾಕೆಂದರೆ ಮದುವೆಯಾದಾಗಿನಿಂದ ನಾನು ಅದನ್ನು ದಿನಾ ನೋಡಿದ್ದೆ. ನನ್ನ ಗಂಡ ಒಂದು ದಿನವೂ ತಾಯಿಯ ಕೋಣೆಯೊಳಗೆ ಕಾಲಿಟ್ಟವರಲ್ಲ. ಜ್ವರ ಬಂದು ಮಲಗಿದರೂ ಹೊಸಿಲಾಚೆ ನಿಂತು ಊಟ ಆಯ್ತಾ, ಮಾತ್ರೆ ತಗೊಂಡ್ರಾ ಎಂದು ಕೇಳಿ ಹೋಗುತ್ತಿದ್ದರು. ದುರಹಂಕಾರ ಎಂದುಕೊಂಡಿದ್ದೆ. ಮಗು ಅತ್ತರೆ ಎದ್ದು ಹೋಗುತ್ತಿದ್ದ ಆ ಮುಖ ನೆನಪಾಯಿತು. ಗಂಟು ಹಾಕಿದ ಆ ಹುಬ್ಬಿನ ಕೆಳಗೆ ಏನಿತ್ತು ಎಂದು ನಾನು ಒಂದು ದಿನವೂ ನೋಡಿರಲಿಲ್ಲ. ಒಬ್ಬರ ಪಕ್ಕದಲ್ಲಿ ಮಲಗಿ ಏಳುತ್ತಲೇ ಇದ್ದೆ, ಆ ಮನುಷ್ಯ ಯಾವ ಕಿಟಕಿಯ ಆಚೆ ನಿಂತಿದ್ದಾರೆ ಎಂದು ಗೊತ್ತಾಗಲೇ ಇಲ್ಲ. ಎದೆಯೊಳಗೆ ಕಲ್ಲಾಗಿ ಕೂತಿದ್ದ ಸಿಟ್ಟು ಕರಗಿತು. ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಗಂಡನಿಗಾಗಿ ಅತ್ತುಬಿಟ್ಟೆ. ಅದು ಗಂಡನಿಗಾಗಿ ಅತ್ತದ್ದೋ, ಹತ್ತು ವರ್ಷದ ಆ ಹುಡುಗನಿಗಾಗಿಯೋ, ಬೇರೆ ಮಾಡಿ ಹೇಳಲಾರೆ. ಅತ್ತೆ ನನ್ನ ತಲೆ ಸವರಿದರು. ಅಂಥ ಬಿಗಿ ಹೆಂಗಸಿನ ಕೈ ಅಷ್ಟು ಹಗುರ ಇರುತ್ತದೆ ಎಂದು ತಿಳಿದಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವರು ಮಾಡಿದ್ದನ್ನು ಇಡೀ ಬೀದಿ ನೋಡಿತು. ತಾವೇ ಮಂಗಮ್ಮನ ಮನೆಗೆ ಹೋಗಿ, ಕಲೆಕ್ಟರನನ್ನು ಕಂಕುಳಲ್ಲಿ ಇರುಕಿಕೊಂಡು, ಮುಂಬಾಗಿಲಿಂದ ಮನೆಯೊಳಗೆ ಬಂದರು. ನೂರುಲ್ಲಾನನ್ನು ಸ್ಕೂಲಿಗೆ ಕಳಿಸಲಿಲ್ಲ. ಎರಡು ಮಕ್ಕಳನ್ನೂ ಮರಿಯನ್ನೂ ನನ್ನ ಕೋಣೆಗೆ ಬಿಟ್ಟು, ಬಾಗಿಲ ಎರಡು ರೆಕ್ಕೆಯನ್ನೂ ಗೋಡೆಗೆ ತಾಗುವಂತೆ ತೆರೆದಿಟ್ಟು, ಎದುರಿಗೆ ಚಾಪೆ ಹಾಕಿಕೊಂಡು ಕೂತರು. ಹಾಜಿರಾ ಬೂವಮ್ಮ ಸುದ್ದಿ ತಿಳಿದು ಬಂದಳು. ಹುಡುಗ ಒಳಗೆ ಇದ್ದಾನಲ್ಲ ರಹಮತ್ ಎಂದಳು. ಇರಲಿ ಎಂದರು ಅತ್ತೆ. ಜನ ಏನಂದಾರು ಎಂದಳು. ಅಂದುಕೊಳ್ಳಲಿ ಎಂದರು. ಇದ್ದತ್ತಿಗೆ ಕಳಂಕ ಬರುತ್ತದೆ ಎಂದಳು. ಅತ್ತೆ ಚಾಪೆಯಿಂದ ಎದ್ದು ಅವಳ ಎದುರು ನಿಂತರು.

"ಆಪಾ, ನಿಮ್ಮಾತು ಕೇಳಿ ಒಬ್ಬ ಮಗನ್ನ ಕಳ್ಕೊಂಡೆ," ಎಂದರು. "ಈ ಸಲ ಕೇಳಲ್ಲ."

ಹೋದ ವರ್ಷವಷ್ಟೇ ಕಣ್ಣು ಮುಚ್ಚಿದ ಮಗನ ವಿಷಯ ಹೇಳುತ್ತಿದ್ದಾಳೆ, ದುಃಖದಲ್ಲಿ ತಲೆ ಕೆಟ್ಟಿದೆ ಎಂದು ಬೂವಮ್ಮ ಬೀದಿಯಲ್ಲಿ ಹೇಳಿಕೊಂಡು ತಿರುಗಿದಳು. ವರ್ಷವಲ್ಲ, ತಿಂಗಳುಗಳ ಮಾತು. ಆದರೆ ಲೆಕ್ಕದಲ್ಲೂ ಧರ್ಮದಲ್ಲೂ ಬೂವಮ್ಮ ಸ್ವಲ್ಪ ಆಚೀಚೆ.

ಉಳಿದ ದಿನಗಳು ಬೇಗ ಹೋದವು. ಬಸ್ಸು ರಿಪೇರಿಯಾಯಿತು. ಅತ್ತೆ ಬಸ್ಸು ಹತ್ತಲಿಲ್ಲ, ಚಾಪೆಯ ಮೇಲೆ ಕೂತು ಸ್ಟ್ಯಾಂಡಿನಲ್ಲಿ ಕಾಯುವ ಮುದುಕಿಯಾದರು. ಅವಧಿ ಮುಗಿದ ದಿನ ಅಣ್ಣ ಬಷೀರ್ ಅಹಮದ್ ಹಸಿರು ಸೀರೆ, ಬಳೆ ತೆಗೆದುಕೊಂಡು ಜಟಕಾ ಕಟ್ಟಿಸಿಕೊಂಡು ಬಂದ. ನಾನು ಸ್ನಾನ ಮಾಡಿ ಸೀರೆ ಉಟ್ಟೆ. ಹೊರಡೋಣ ಎಂದ. ಇಷ್ಟು ದಿನ ಬಾಯಿ ಬಡಿದವಳಿಗೆ ಆಗ ಮಾತು ಹೊರಡಲಿಲ್ಲ. ಅತ್ತೆ ಅಡುಗೆಮನೆಯಿಂದ ಬಂದು, ಶಂಸುನ್ನೀಸಾ ಹೋಗುತ್ತೇನೆ ಎಂದರೆ ಕರೆದುಕೊಂಡು ಹೋಗು, ಇರುತ್ತೇನೆ ಎಂದರೆ ಈ ಮನೆ ಅವಳದು, ಈ ಮಕ್ಕಳಿಗೆ ಅವಳು ಬೇಕು ಎಂದರು. ಅಣ್ಣ ನನ್ನ ಮುಖ ನೋಡಿದ. ಇರುತ್ತೇನೆ ಎಂದೆ. ಅಷ್ಟೇ ಹೇಳಲಿಕ್ಕೆ ಆದದ್ದು.

ಜಟಕಾ ಬಂದಿದೆ, ಸುಮ್ಮನೆ ಯಾಕೆ ವಾಪಸು ಕಳಿಸುವುದು, ಖಬರಸ್ತಾನಕ್ಕೆ ಹೋಗಿಬರೋಣ ಎಂದರು ಅತ್ತೆ. ನಾವಿಬ್ಬರೂ ಮಕ್ಕಳೂ ಹತ್ತಿದೆವು. ಬಾನು ಹಟ ಮಾಡಿ ಕಲೆಕ್ಟರನನ್ನೂ ಹತ್ತಿಸಿಕೊಂಡಳು. ಬಿಸಿಲಿಗೆ ನನ್ನ ಕಣ್ಣು ಕುಕ್ಕುತ್ತಿತ್ತು. ಅಷ್ಟು ತಿಂಗಳಿಂದ ನೋಡದ ಬೀದಿ, ಅಂಗಡಿಗಳು, ಗೂಡಿನ ಮೂಟೆ ಹೊತ್ತ ಸೈಕಲ್ಲುಗಳು ನನ್ನ ಎರಡೂ ಕಡೆ ಓಡುತ್ತಿದ್ದವು.

ನಮ್ಮೂರಿನಲ್ಲಿ ಹೆಂಗಸರು ಖಬರಸ್ತಾನದ ಒಳಗೆ ಹೋಗುವುದಿಲ್ಲ. ಗೇಟಿನ ಹತ್ತಿರ ಇಳಿದು ನಿಂತೆವು. ಉಸ್ಮಾನ್ ಸಾಬರ ಗೋರಿ ಅಲ್ಲಿಂದ ಕಾಣುತ್ತಿತ್ತು, ಬೇವಿನ ಮರದ ಕೆಳಗೆ, ಮಣ್ಣು ಆಗಲೇ ತಗ್ಗಿತ್ತು. ಅತ್ತೆ ಗೇಟಿನ ಸರಳುಗಳನ್ನು ಎರಡು ಕೈಯಲ್ಲಿ ಹಿಡಿದುಕೊಂಡರು. ಸ್ವಲ್ಪ ಹೊತ್ತಾದ ಮೇಲೆ ನೂರುಲ್ಲಾನನ್ನು ಹತ್ತಿರ ಕರೆದರು.

"ನೀನು ಒಳಗೆ ಹೋಗಪ್ಪ. ನಿಮ್ಮ ದೊಡ್ಡಪ್ಪನಿಗೆ ಹೇಳು. ಅಮ್ಮಿ ಬಾಗಿಲು ತೆಗ್ದಿದ್ದಾಳೆ, ಒಳಗೆ ಬರ್ಬೇಕಂತೆ ಅಂತ ಹೇಳು."

ನೂರುಲ್ಲಾ ನಾಲ್ಕು ಹೆಜ್ಜೆ ಹೋದವನು ತಿರುಗಿ, ಮೆಲ್ಲಗೆ ಹೇಳಲಾ, ಜೋರಾಗಿ ಹೇಳಲಾ ದಾದಿ ಎಂದು ಅಜ್ಜಿಯನ್ನು ಕೇಳಿದ.

"ಜೋರಾಗೇ ಹೇಳು," ಎಂದರು ಅತ್ತೆ. "ಅವನಿನ್ನೂ ಹತ್ತು ವರ್ಷದ ಹುಡುಗ. ಆಟದಲ್ಲಿದ್ರೆ ಕೇಳ್ಸಲ್ಲ."